ಉಸಿರೆಣಿಸಲು ಕಟ್ಟಿದ ವೈಮಾನಿಕ ವಾಚು: ಐಡಬ್ಲ್ಯೂಸಿ ಮಾರ್ಕ್ 20ರೊಡನೆ ಕೆಲವು ಕಾಲ

ಸ್ವಿಟ್ಜರ್ಲೆಂಡಿನ ಐಡಬ್ಲ್ಯೂಸಿ ಸಂಸ್ಥೆಯ ಈ ಮಾರ್ಕ್ 20 ವಾಚಿನ ವ್ಯಾಸ, ದಪ್ಪ, ಯಂತ್ರದ ಸಂಖ್ಯೆ ಮೊದಲಾದವನ್ನು ಇಲ್ಲಿ ಸಾಲಾಗಿ ಬರೆಯುವುದಿಲ್ಲ. ಮಾರ್ಕ್ 20ನ್ನು ಕೊಳ್ಳುವ ಯೋಚನೆಯಲ್ಲಿ ಇರುವವರಿಗೆ ಅವೆಲ್ಲ ಈಗಾಗಲೇ ಬಾಯಿಪಾಠವಾಗಿರುತ್ತವೆ. ಇದನ್ನು ದಿನವೂ ಕಟ್ಟಿಕೊಂಡು ದುಡಿದ ಮೇಲೆ ನನಗೆ ಹೇಳಬೇಕೆನಿಸಿರುವ ಸಂಗತಿ ಮುಖ್ಯವಾಗಿ ಒಂದೇ: ಚಾಳೀಸು ಬಂದ ನನ್ನ ಕಣ್ಣು ಕನ್ನಡಕದ ಹಂಗಿಲ್ಲದೆ ಈ ಡಯಲಿನ ಮೇಲೆ ಸೆಕೆಂಡುಗಳನ್ನು ಓದಬಲ್ಲದು. ಇಷ್ಟು ದೊಡ್ಡ ಬೆಲೆ ಕೊಟ್ಟವನು ಇಷ್ಟು ಸಣ್ಣ ವಿಷಯವನ್ನು ಹೊಗಳುತ್ತಾನಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನನ್ನ ವೃತ್ತಿಯಲ್ಲಿ ಇದು ಸಣ್ಣ ವಿಷಯವಲ್ಲ.

ನಾನು ಕುಂದಾಪುರದ ಕಡೆ ಒಂದು ಸಾಧಾರಣ ಕ್ಲಿನಿಕ್ಕು ನಡೆಸುವ ವೈದ್ಯ. ಮಳೆಗಾಲ ಶುರುವಾಯಿತೆಂದರೆ ಕೆಮ್ಮು, ಜ್ವರದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬರುತ್ತಾರೆ. ಅಂಥ ಮಗುವಿಗೆ ನ್ಯುಮೋನಿಯಾದ ಶಂಕೆಯಿದೆಯೇ ಎಂದು ನೋಡಲು ಮಾಡಬೇಕಾದ ಮೊದಲ ಕೆಲಸಗಳಲ್ಲಿ ಒಂದು ಪೂರ್ತಿ ಒಂದು ನಿಮಿಷ ಉಸಿರು ಎಣಿಸುವುದು. ಎರಡು ತಿಂಗಳು ತುಂಬಿದ, ಇನ್ನೂ ವರ್ಷ ತುಂಬದ ಮಗುವಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರಿದ್ದರೆ ಅದನ್ನು ವೇಗದ ಉಸಿರಾಟವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪರಿಗಣಿಸುತ್ತದೆ. ಮಗು ಅಳುತ್ತಿದ್ದರೆ ಎಣಿಕೆಗೆ ಅರ್ಥವಿಲ್ಲ. ಆದ್ದರಿಂದ ತಾಯಿಯ ಮಡಿಲಲ್ಲಿ ಅದು ಸಮಾಧಾನವಾಗುವವರೆಗೆ ಕಾದು, ಅಂಗಿಯನ್ನು ಮೆಲ್ಲನೆ ಮೇಲಕ್ಕೆ ಸರಿಸಿ, ಎದೆಯ ಕೆಳಭಾಗ ಏರಿಳಿಯುವುದರ ಮೇಲೆಯೇ ಕಣ್ಣಿಡಬೇಕು. ಕಣ್ಣು ಎದೆಯಿಂದ ಕದಲಿದರೆ ಒಂದೆರಡು ಉಸಿರು ಲೆಕ್ಕ ತಪ್ಪುತ್ತವೆ. 49ಕ್ಕೂ 51ಕ್ಕೂ ನಡುವೆ ಇರುವ ಅಂತರ ಅಷ್ಟರಲ್ಲೇ ಕಳೆದುಹೋಗುತ್ತದೆ.

ಇಲ್ಲಿ ಈ ವಾಚು ನನಗೆ ನೆರವಾಗುತ್ತದೆ. ಎಡಗೈಯನ್ನು ಮಗುವಿನ ಎದೆಯ ಪಕ್ಕಕ್ಕೆ ತಂದು ಹಿಡಿದರೆ, ನೋಟವನ್ನು ಅಲ್ಲಿಂದ ಕೀಳದೆಯೇ ಬಿಳಿಯ ಮುಳ್ಳು ಕಪ್ಪು ಡಯಲಿನ ಮೇಲೆ ಸಾಗುತ್ತಿರುವುದು ಓರೆಗಣ್ಣಿಗೆ ತಿಳಿಯುತ್ತದೆ. ಸೆಕೆಂಡಿಗೆ ಎಂಟು ಸಲ ಮಿಡಿಯುವ ಯಂತ್ರವಾದುದರಿಂದ ಆ ಮುಳ್ಳು ಕುಪ್ಪಳಿಸದೆ ಜಾರುತ್ತದೆ. ಮುಳ್ಳು 12ರ ಜಾಗದಲ್ಲಿರುವ ತ್ರಿಕೋನವನ್ನು ದಾಟಿದಾಗ ಎಣಿಕೆ ಶುರು, ಮತ್ತೆ ಅಲ್ಲಿಗೆ ಬಂದಾಗ ಮುಕ್ತಾಯ. ನನ್ನ ಮೇಜಿನ ನೆತ್ತಿಯ ಮೇಲೆಯೇ ಟ್ಯೂಬ್‌ಲೈಟು ಇದೆ. ಹಿಂದೆ ಕಟ್ಟುತ್ತಿದ್ದ ವಾಚುಗಳ ಗಾಜಿನಲ್ಲಿ ಅದರ ಬೆಳಕಿನ ಪಟ್ಟಿಯೇ ಕಾಣುತ್ತಿತ್ತು. ಇದರ ಗಾಜಿಗೆ ಎರಡೂ ಬದಿಯಲ್ಲಿ ಪ್ರತಿಫಲನ ತಡೆಯುವ ಲೇಪವಿರುವುದರಿಂದ, ಕೆಲವು ಕೋನಗಳಲ್ಲಿ ಗಾಜೇ ಇಲ್ಲವೇನೋ ಎನ್ನುವಷ್ಟು ಡಯಲು ನಿಚ್ಚಳವಾಗಿರುತ್ತದೆ.

ಆಕ್ಸಿಮೀಟರು ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಸಾಧನ ನಾಡಿಯ ಸಂಖ್ಯೆಯನ್ನು ತಾನೇ ತೋರಿಸುತ್ತದೆ, ಅದರ ಬೆಲೆಯೂ ಈ ವಾಚಿನ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಆದರೆ ನನ್ನ ಕ್ಲಿನಿಕ್ಕಿನಲ್ಲಿರುವಂಥದ್ದು ಉಸಿರನ್ನು ಎಣಿಸುವುದಿಲ್ಲ. ನಾಡಿ ತಾಳ ತಪ್ಪಿ ಹೊಡೆಯುತ್ತಿದ್ದರೆ ಅದನ್ನು ಮೂರು ಬೆರಳಿಟ್ಟು ನಿಮಿಷ ಪೂರ್ತಿ ನೋಡುವುದೇ ಈಗಲೂ ಸರಿಯಾದ ಕ್ರಮ. ಪರದೆಯುಳ್ಳ ಸ್ಮಾರ್ಟ್ ವಾಚನ್ನೂ ಬಳಸಿ ನೋಡಿದ್ದೇನೆ. ಕೈ ಅಲುಗದೆ ಇರಬೇಕಾದ ಹೊತ್ತಿನಲ್ಲೇ ಅದರ ಪರದೆ ಆರಿಹೋಗುತ್ತಿತ್ತು.

ಈ ಡಯಲು ಹೀಗಿರುವುದಕ್ಕೆ ಕಾರಣ ಹುಡುಕುತ್ತ ಹೋದರೆ 1948ಕ್ಕೆ ತಲುಪುತ್ತೇವೆ. ಬ್ರಿಟನ್ನಿನ ವಾಯುಪಡೆಯ ಅಗತ್ಯಕ್ಕೆಂದು ಸಿದ್ಧವಾದ ನಿಯಮಾವಳಿಗೆ ಅನುಗುಣವಾಗಿ ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್‌ನ ಐಡಬ್ಲ್ಯೂಸಿ ಮತ್ತು ಜೇಗರ್ ಲಕೂಲ್ತ್ರ್ ಸಂಸ್ಥೆಗಳು ಮಾರ್ಕ್ 11 ಎಂಬ ವಾಚನ್ನು ತಯಾರಿಸಿದವು. ಅದು ಮುಖ್ಯವಾಗಿ ವಿಮಾನ ಓಡಿಸುವವನಿಗಿಂತ ದಾರಿ ಲೆಕ್ಕ ಹಾಕುವ ನ್ಯಾವಿಗೇಟರಿನ ಉಪಕರಣ. ನಕ್ಷತ್ರಗಳ ಎತ್ತರ ಅಳೆದು ಸ್ಥಾನ ಗುರುತಿಸುವಾಗ ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ, ಭೂಮಿ ಅಷ್ಟರಲ್ಲಿ ತಿರುಗಿರುವ ಕಾರಣ, ಸಮಭಾಜಕ ವೃತ್ತದ ಬಳಿ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿಯಷ್ಟು ಲೆಕ್ಕ ತಪ್ಪುತ್ತದೆ. ಆದುದರಿಂದಲೇ ಕೀಲಿಯನ್ನು ಹೊರಗೆಳೆದರೆ ಸೆಕೆಂಡಿನ ಮುಳ್ಳು ನಿಲ್ಲಬೇಕು, ಯಂತ್ರದ ಸುತ್ತ ಮೃದು ಕಬ್ಬಿಣದ ಗೂಡಿದ್ದು ಕಾಕ್‌ಪಿಟ್ಟಿನ ಕಾಂತಕ್ಷೇತ್ರ ಒಳಹೋಗಬಾರದು, ಮಬ್ಬು ಬೆಳಕಿನಲ್ಲಿಯೂ ಡಯಲು ಓದಲು ಬರಬೇಕು ಎಂಬೆಲ್ಲ ಷರತ್ತುಗಳಿದ್ದವು. ಹೊಳೆಯುವುದಕ್ಕೆ ಆರಂಭದಲ್ಲಿ ರೇಡಿಯಂ ಬಳಸುತ್ತಿದ್ದರು. ಮುಂದೆ ಟ್ರಿಟಿಯಂ ಬಂದಾಗ ಡಯಲಿನ ಮೇಲೆ ವೃತ್ತದೊಳಗೆ ಟಿ ಅಕ್ಷರದ ಗುರುತು ಸೇರಿತು. 12ರ ಸ್ಥಾನದಲ್ಲಿ ಎರಡು ಚುಕ್ಕಿಗಳ ನಡುವೆ ತ್ರಿಕೋನವಿಡುವ ಪದ್ಧತಿ ಅದಕ್ಕೂ ಹಿಂದಿನದು. 1940ರ ದಶಕದ ಆರಂಭದಲ್ಲಿ ಜರ್ಮನ್ ವಾಯುಪಡೆಗಾಗಿ ತಯಾರಾದ 55 ಮಿಲಿಮೀಟರಿನ ದೈತ್ಯ ವಾಚುಗಳಲ್ಲಿಯೂ ಅದಿತ್ತು. ಕತ್ತಲಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಗೊಂದಲ ಆಗದಿರಲೆಂದು ಮಾಡಿದ ಏರ್ಪಾಡು ಅದು. 2022ರಲ್ಲಿ ಬಂದ ಮಾರ್ಕ್ 20 ಈ ವಂಶದ ಕುಡಿ. ಮಾರ್ಕ್ 18ರ ನಂತರ ನೇರವಾಗಿ 20ಕ್ಕೇ ಹಾರಿದರು. ಹತ್ತೊಂಬತ್ತು ಏಕೆ ಬೇಡವಾಯಿತೋ!

ಇಲ್ಲಿಯವರೆಗೆ ಹೊಗಳಿದ್ದಾಯಿತು. ಇನ್ನು ತಕರಾರಿಗೆ ಬರುತ್ತೇನೆ.

ಮಾರ್ಕ್ 11ರಲ್ಲಿ ತಾರೀಖು ಇರಲಿಲ್ಲ. ಮಾರ್ಕ್ 20ರಲ್ಲಿ ಇದೆ, ಅದೂ 3ರ ಅಂಕಿಯನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂತಿದೆ. ಗಂಟೆ ನೋಡುವವರಿಗೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ವೈದ್ಯರಿಗೆ ಆ ಸ್ಥಾನ ಮೂರು ಗಂಟೆಯಲ್ಲ, ಹದಿನೈದು ಸೆಕೆಂಡು. ಅವಸರದಲ್ಲಿ ನಾಡಿ ನೋಡುವಾಗ ನಾವು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತೇವೆ. ಸೆಕೆಂಡಿನ ಮುಳ್ಳಿಗಾಗಿ ಕಣ್ಣು ಕಾಯುವುದು ಅಲ್ಲಿಯೇ. ಉಳಿದೆಡೆ ಕಪ್ಪು ನೆಲದ ಮೇಲೆ ಸ್ಪಷ್ಟವಾಗಿ ಎದ್ದು ಕಾಣುವ ಬಿಳಿಯ ಮುಳ್ಳು, ನನಗೆ ಅತ್ಯಂತ ಬೇಕಾದ ಕ್ಷಣದಲ್ಲಿ ಬಿಳಿಯ ಕಿಟಕಿಯ ಮೇಲೆ ಹಾದು ಮಸುಕಾಗುತ್ತದೆ. ಇನ್ನು ಆ ಕಿಟಕಿಯೊಳಗಿನ ತಾರೀಖನ್ನಾದರೂ ಓದಬಲ್ಲೆನೇ? ಕನ್ನಡಕ ಹಾಕದೆ ಸಾಧ್ಯವಿಲ್ಲ. ದಿನವಿಡೀ ಔಷಧಿ ಚೀಟಿಯ ಮೇಲೆ ತಾರೀಖು ಬರೆಯುವವನು ನಾನು. ಆದರೂ ಅದಕ್ಕೆ ನೋಡುವುದು ಗೋಡೆಯ ಮೇಲಿನ ಸಹಕಾರಿ ಬ್ಯಾಂಕಿನ ಕ್ಯಾಲೆಂಡರನ್ನೇ ಹೊರತು ಈ ವಾಚನ್ನಲ್ಲ. ಡಯಲಿನ ಬೇರೆಲ್ಲ ಭಾಗವನ್ನು ಓದಲು ಸುಲಭವಾಗುವಂತೆ ವಿನ್ಯಾಸ ಮಾಡಿ, ಇದೊಂದನ್ನು ಮಾತ್ರ ಹದಿಹರೆಯದ ಕಣ್ಣಿಗೆ ಮೀಸಲಿಟ್ಟಂತಿದೆ. ಸಾಲದ್ದಕ್ಕೆ, ಮೂವತ್ತೊಂದು ದಿನವಿಲ್ಲದ ತಿಂಗಳು ಮುಗಿದಾಗಲೆಲ್ಲ, ಅಂದರೆ ವರ್ಷಕ್ಕೆ ಐದು ಸಲ, ತಾರೀಖನ್ನು ಕೈಯಾರೆ ಮುಂದೂಡಬೇಕು.

ಈ ಸಿಟ್ಟಿನಲ್ಲಿ ಕೆಲವು ಕಾಲ ಅದನ್ನು ಕಪಾಟಿನಲ್ಲಿಟ್ಟು, ವೈದ್ಯಕೀಯ ಓದುವಾಗ ಕಟ್ಟುತ್ತಿದ್ದ ಎಚ್‌ಎಂಟಿ ಪೈಲಟ್‌ಗೆ ಮರಳಿದ್ದೆ. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ 1961ರಲ್ಲಿ ಶುರುವಾದ ವಾಚು ತಯಾರಿಕೆಯ ಬಹು ಜನಪ್ರಿಯ ಮಾದರಿಗಳಲ್ಲಿ ಅದೂ ಒಂದು. ಕಪ್ಪು ಡಯಲು, ಬಿಳಿ ಅಂಕಿ, ನಡುವಿನಿಂದಲೇ ಹೊರಡುವ ಸೆಕೆಂಡಿನ ಮುಳ್ಳು, ಸವೆತ ತಡೆಯಲು ಯಂತ್ರದೊಳಗೆ ಕೂರಿಸಿದ ಹದಿನೇಳು ಜ್ಯೂವೆಲು (ಹರಳು), ಬೆಳಿಗ್ಗೆ ಎದ್ದು ಕೀಲಿ ಕೊಡುವ ಕೆಲಸ. ತಾರೀಖಿನ ಕಾಟವಿಲ್ಲ. ನನ್ನ ದೃಷ್ಟಿಯಲ್ಲಿ ಮಾರ್ಕ್ 11ರ ಸ್ವಭಾವಕ್ಕೆ ಮಾರ್ಕ್ 20ಕ್ಕಿಂತ ಅದೇ ಹತ್ತಿರ. ಇಪ್ಪತ್ತರ ಹರೆಯದ ನನ್ನ ಕಣ್ಣಿಗೆ ಅದು ಧಾರಾಳವಾಗಿ ಸಾಕಾಗಿತ್ತು. ಈಗ ಆ ಪುಟ್ಟ ಮುಖವನ್ನು ಓದಲು ಕೈಯನ್ನು ದೂರ ಚಾಚಬೇಕು, ದೂರ ಚಾಚಿದರೆ ಮಗುವಿನ ಎದೆಯೂ ವಾಚೂ ಒಂದೇ ನೋಟಕ್ಕೆ ಸಿಗುವುದಿಲ್ಲ. ಹೀಗಾಗಿ ಮಾರ್ಕ್ 20 ಮತ್ತೆ ಕೈಗೆ ಬಂತು. ಹದಿನೈದು ಸೆಕೆಂಡಿನ ಲೆಕ್ಕವನ್ನು ಬಿಟ್ಟು, ತ್ರಿಕೋನದಿಂದ 6ರ ಗುರುತಿನವರೆಗೆ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದನ್ನು ರೂಢಿ ಮಾಡಿಕೊಂಡೆ. ರೋಗಿಯ ದೃಷ್ಟಿಯಿಂದ ಇದು ಒಳ್ಳೆಯದೇ. ಹೆಚ್ಚು ಹೊತ್ತು ಎಣಿಸಿದಷ್ಟೂ ತಪ್ಪು ಕಡಿಮೆ.

ಪಟ್ಟಿಯ ಬಗ್ಗೆ ನಮ್ಮ ಕರಾವಳಿಯವರು ಮೊದಲೇ ಯೋಚಿಸಬೇಕು. ಚರ್ಮದ ಪಟ್ಟಿ ತಂಪು ಪ್ರದೇಶದವರಿಗೆ ಚೆನ್ನ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸುರಿಯುವ ಬೆವರಿಗೆ, ಅದರ ಮೇಲೆ ಪ್ರತಿ ರೋಗಿಯ ನಂತರವೂ ಕೈ ತೊಳೆಯುವ ನನ್ನ ವೃತ್ತಿಗೆ, ಯಾವ ಚರ್ಮವೂ ಬಾಳುವುದಿಲ್ಲ. ಉಕ್ಕಿನ ಚೈನನ್ನು ಬೇರೆಯಾಗಿ ಕೊಂಡೆ. ಅದನ್ನು ತರಿಸಿಕೊಡಲು ಬೆಂಗಳೂರಿನ ಒಬ್ಬ ಮಾರಾಟಗಾರರು ವಾಯಿದೆಯ ಮೇಲೆ ವಾಯಿದೆ ಹೇಳಿ ಸತಾಯಿಸಿದ ಕಥೆ ಇಲ್ಲಿ ಬೇಡ. ಚೈನು ಬಂದ ಮೇಲೆ ಮಾತ್ರ ವಾಚಿನ ಬಗೆಗಿನ ನನ್ನ ಅಭಿಪ್ರಾಯವೇ ಮೆತ್ತಗಾಯಿತು. ಮಧ್ಯಾಹ್ನ ಎರಡು ಗಂಟೆಯ ಸೆಕೆಗೆ ಮಣಿಕಟ್ಟು ಊದಿಕೊಂಡಾಗ ಕೊಂಡಿಯ ಮೇಲಿನ ಸಂಸ್ಥೆಯ ಹೆಸರನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಸಡಿಲ ಮಾಡಿಕೊಳ್ಳುತ್ತೇನೆ. ಸಂಜೆ ಗಾಳಿ ಬೀಸತೊಡಗಿದ ಮೇಲೆ ಚೈನನ್ನು ಒಳಕ್ಕೆ ತಳ್ಳಿದರೆ ಟಿಕ್ಕೆಂದು ಬಿಗಿಯಾಗುತ್ತದೆ. ಭಾನುವಾರ ಬೆಳಿಗ್ಗೆ ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಹಾಕಿ, ಹಳೆಯ ಮೆದು ಬ್ರಶ್ಶಿನಿಂದ ಚೈನಿನ ಸಂದುಗಳನ್ನು ಉಜ್ಜುತ್ತೇನೆ. ವಾರವಿಡೀ ಕೂತ ಸೋಪಿನ ಬಿಳಿಯ ಜಿಡ್ಡು ಹೋಗಿ ಉಕ್ಕು ತನ್ನ ಬಣ್ಣಕ್ಕೆ ಬರುವುದನ್ನು ನೋಡುವುದು ನನಗೆ ಬಲು ಇಷ್ಟ. 100 ಮೀಟರಿನ ಜಲನಿರೋಧಕತೆ ಇರುವುದರಿಂದ ನಲ್ಲಿಯ ಕೆಳಗೆ ಹಿಡಿಯಲು ಅಂಜಿಕೆಯಿಲ್ಲ.

ಆದರೂ ವೃತ್ತಿಬಾಂಧವರಿಗೆ ಒಂದು ಮಾತು ಹೇಳಬೇಕು. ಮೊಣಕೈ ಕೆಳಗೆ ಏನನ್ನೂ ಧರಿಸಬಾರದು ಎಂಬ ನಿಯಮವನ್ನು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು 2008ರಿಂದ ಪಾಲಿಸುತ್ತಿವೆ. ಸೋಂಕು ಹರಡದಿರಲು ಅದು ವಿವೇಕದ ಮಾತು. ಗಾಯಕ್ಕೆ ಹೊಲಿಗೆ ಹಾಕುವಾಗ, ಡ್ರೆಸಿಂಗ್ ಮಾಡುವಾಗ ನಾನು ವಾಚನ್ನು ಬಿಚ್ಚಿ ಮೇಜಿನ ಒಳಗಿಡುತ್ತೇನೆ. ಹೀಗೆ ಬಿಚ್ಚಿಡುವ ಅಭ್ಯಾಸ ಇರುವವರಿಗೆ ಇದರ 120 ಗಂಟೆಗಳ ಓಟ ವರದಾನ. ಶನಿವಾರ ರಾತ್ರಿ ಬಿಚ್ಚಿಟ್ಟು ಊರಿಗೆ ಹೋಗಿ ಮಂಗಳವಾರ ಬಂದರೂ ಅದು ನಡೆಯುತ್ತಲೇ ಇರುತ್ತದೆ. ದಿನಕ್ಕೆ ಕೆಲವೇ ಸೆಕೆಂಡು ಮುಂದೆ ಓಡುತ್ತದೆ. ವಾರಕ್ಕೊಮ್ಮೆ ಕೀಲಿ ಎಳೆದು ಮುಳ್ಳನ್ನು ತ್ರಿಕೋನದ ತುದಿಯಲ್ಲಿ ನಿಲ್ಲಿಸಿ, ಮೊಬೈಲಿನ ಗಡಿಯಾರದಲ್ಲಿ ನಿಮಿಷ ಬದಲಾದ ಕೂಡಲೇ ಒತ್ತಿಬಿಡುತ್ತೇನೆ.

ಕರೆಂಟು ಹೋದ ರಾತ್ರಿಯಲ್ಲಿ ಇದರಿಂದ ಸಮಯ ತಿಳಿಯಬಹುದು, ನಾಡಿ ಎಣಿಸಲಾಗದು. ಗಂಟೆ, ನಿಮಿಷದ ಮುಳ್ಳುಗಳು ಮತ್ತು ನಾಲ್ಕು ದಿಕ್ಕಿನ ಗುರುತುಗಳು ಚೆನ್ನಾಗಿ ಹೊಳೆಯುತ್ತವೆ, ಸೆಕೆಂಡಿನ ಮುಳ್ಳಿಗೆ ಹೊಳೆಯುವ ಲೇಪವಿಲ್ಲ.

ಬೆಲೆಯ ವಿಷಯ. ಒಂದು ಸಣ್ಣ ಹೊಸ ಕಾರಿನ ಬೆಲೆಯ ಹತ್ತಿರಕ್ಕೆ ಬರುವ ಮೊತ್ತವಿದು. ನನ್ನ ಹಳೆಯ ಕಾರನ್ನೇ ಇನ್ನೂ ಕೆಲವು ವರ್ಷ ಓಡಿಸುವುದೆಂದು ತೀರ್ಮಾನಿಸಿ ಇದನ್ನು ಕೊಂಡೆ. ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ, ಹಣ ಬೆಳೆಯುತ್ತದೆಂದು ಕೊಳ್ಳುವ ವಸ್ತುವಂತೂ ಅಲ್ಲವೇ ಅಲ್ಲ. ಹಿಂಬದಿ ಉಕ್ಕಿನಿಂದ ಮುಚ್ಚಿರುವುದರಿಂದ ಯಂತ್ರದ ಚೆಲುವು ನೋಡಬೇಕೆನ್ನುವವರಿಗೆ ನಿರಾಸೆಯಾದೀತು. ಕೊಳ್ಳುವ ಮುನ್ನ ಅಂಗಡಿಯಲ್ಲಿ ಕನ್ನಡಕ ತೆಗೆದು, ಸ್ಪಾಟ್‌ಲೈಟಿನಿಂದ ಆಚೆ ಸರಿದು, ಕಪ್ಪು ಡಯಲಿನದನ್ನು ಕೈಯಲ್ಲಿ ಹಿಡಿದು ಒಂದು ಪೂರ್ತಿ ನಿಮಿಷ ನೋಡಿ. ತಾರೀಖಿನ ಕಿಟಕಿ ನಿಮ್ಮನ್ನು ಕಾಡುವುದಾದರೆ ಅಷ್ಟರಲ್ಲೇ ಗೊತ್ತಾಗುತ್ತದೆ. ಕೊಂಡವರು ಸಂಸ್ಥೆಯಲ್ಲಿ ನೋಂದಣಿ ಮಾಡಿಸಲು ಮರೆಯಬಾರದು. ಎರಡು ವರ್ಷದ ಖಾತರಿ ಅದರಿಂದ ಎಂಟು ವರ್ಷಕ್ಕೆ ಏರುತ್ತದೆ. ಸಮುದ್ರದಂಡೆಯವರು ನೀರು ತಡೆಯುವ ರಬ್ಬರಿನ ಉಂಗುರಗಳನ್ನು ಆಗಾಗ ಪರೀಕ್ಷೆ ಮಾಡಿಸುತ್ತಿರುವುದು ಕ್ಷೇಮ.