ಟೆಸ್ಟೋಸ್ಟಿರಾನ್ ಜೆಲ್: 6 ವರ್ಷ ಹೆಗಲಿಗೆ ಹಚ್ಚಿಕೊಂಡ ಮೇಲೆ

ಬೆಳಿಗ್ಗೆ ಸ್ನಾನ ಮುಗಿಸಿ, ಮೈ ಚೆನ್ನಾಗಿ ಒರೆಸಿಕೊಂಡು, ಪೊಟ್ಟಣದ ಮೂಲೆ ಹರಿಯುತ್ತೇನೆ. ಅರ್ಧ ಜೆಲ್ ಎಡ ಹೆಗಲಿಗೆ, ಅರ್ಧ ಬಲ ಹೆಗಲಿಗೆ. ತಕ್ಷಣ ಸೋಪು ಹಾಕಿ ಕೈ ತೊಳೆಯುತ್ತೇನೆ. ಸ್ಪಿರಿಟ್ ವಾಸನೆ ಬರುತ್ತದೆ, ಹೆಗಲು ತಣ್ಣಗಾಗುತ್ತದೆ. ಒಂದೈದು ನಿಮಿಷ ತೋಳು ಮೈಗೆ ತಾಗದ ಹಾಗೆ ಕಿಟಕಿ ಹತ್ತಿರ ನಿಲ್ಲುತ್ತೇನೆ. ಪೂರ್ತಿ ಒಣಗುವವರೆಗೆ ಒಲೆಯ ಹತ್ತಿರ ಹೋಗುವುದಿಲ್ಲ, ಆಲ್ಕೋಹಾಲ್ ಬೆಂಕಿ ಹಿಡಿಯುತ್ತದೆ. ಆಮೇಲೆ ತೋಳಿರುವ ಬನಿಯನ್, ಮೇಲೆ ಅಂಗಿ. 6 ವರ್ಷದಿಂದ ನನ್ನ ದಿನ ಹೀಗೇ ಶುರುವಾಗುತ್ತದೆ.

ಮಿದುಳಿನ ಬುಡದಲ್ಲಿ ಬಟಾಣಿಯಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇರುತ್ತದೆ. ನನಗೆ ಅಲ್ಲೊಂದು ಗಂಟು ಬೆಳೆದಿತ್ತು. ಮೂಗಿನ ಮೂಲಕ ಅದನ್ನು ತೆಗೆದರು. ಆ ಮೇಲೆ ಗ್ರಂಥಿ ಮೊದಲಿನಂತಾಗಲಿಲ್ಲ. ನನ್ನ ವೃಷಣಗಳಿಗೆ ಏನೂ ಆಗಿರಲಿಲ್ಲ, ಟೆಸ್ಟೋಸ್ಟಿರಾನ್ ಎಂಬ ಗಂಡಸರ ಹಾರ್ಮೋನ್ ತಯಾರಿಸಿ ಎಂದು ಅವಕ್ಕೆ ಹೇಳುವ ಪಿಟ್ಯುಟರಿಯೇ ಸುಮ್ಮನಾಗಿತ್ತು ಅಷ್ಟೇ. ಹಾಗಾಗಿ ಅದನ್ನು ಹೊರಗಿನಿಂದ ಕೊಡಬೇಕಾಯಿತು.

ಮೊದಲು ಕೊಟ್ಟಿದ್ದು ಇಂಜೆಕ್ಷನ್. 3 ವಾರಕ್ಕೊಮ್ಮೆ 250 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಎನಾಂತೇಟ್. ಮೊದಲ ವಾರ ಮೈತುಂಬ ಹುರುಪು, ಸಣ್ಣ ಮಾತಿಗೂ ಸಿಟ್ಟು. ಮೂರನೇ ವಾರ ಕುರ್ಚಿಯಿಂದ ಏಳುವುದೇ ಬೇಡ ಅನ್ನಿಸುತ್ತಿತ್ತು. ನನ್ನ ಹೆಂಡತಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ನನ್ನ ಜೊತೆ ಯಾವ ಮಾತನ್ನು ಯಾವ ವಾರ ಎತ್ತಬೇಕು ಎಂದು ನೋಡಿಕೊಳ್ಳುವುದಕ್ಕೆ.

ಜೆಲ್‌ನಲ್ಲಿ ಈ ಏರಿಳಿತ ಇಲ್ಲ. ಹಚ್ಚಿದ್ದು ಚರ್ಮದಲ್ಲಿ ಉಳಿದು ದಿನವಿಡೀ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ಎರಡು ಮೂರು ದಿನದಲ್ಲೇ ಮಟ್ಟ ಒಂದು ಹದಕ್ಕೆ ಬರುತ್ತದೆ. ಮೊದಲ ದಿನದಿಂದಲೇ ಸಿಂಹದಂತಾಗುತ್ತೇನೆ ಎಂದುಕೊಂಡವರಿಗೆ ನಿರಾಸೆಯಾಗಬಹುದು. ನನಗೆ ಸಿಕ್ಕಿದ್ದು ಬೇರೆ ಸುಖ. ಸೋಮವಾರ ಇದ್ದ ಹಾಗೇ ಗುರುವಾರವೂ ಇರುತ್ತಿದ್ದೆ. ಎರಡು ತಿಂಗಳಾದ ಮೇಲೆ ನೋಡಿದರೆ ಕ್ಯಾಲೆಂಡರ್‌ನಲ್ಲಿ ಗುರುತೇ ಇರಲಿಲ್ಲ. ಅವಳು ಯಾವಾಗ ನಿಲ್ಲಿಸಿದಳೋ ಅವಳಿಗೇ ನೆನಪಿಲ್ಲ.

ಇಂಜೆಕ್ಷನ್‌ಗೂ ಜೆಲ್‌ಗೂ ನಡುವೆ ಒಂದು ಬಿಡುವು ಇತ್ತು. ಅದನ್ನು ಹೇಳಲೇಬೇಕು. ಹೊರಗಿನಿಂದ ಟೆಸ್ಟೋಸ್ಟಿರಾನ್ ಕೊಟ್ಟರೆ ರಕ್ತದಲ್ಲಿ ಮಟ್ಟ ಏರುತ್ತದೆ, ವೃಷಣದೊಳಗೆ ಏರುವುದಿಲ್ಲ. ವೀರ್ಯಾಣು ಹುಟ್ಟಲು ಬೇಕಾಗಿರುವುದು ಒಳಗಿನದ್ದು. ಪಿಟ್ಯುಟರಿ ಸರಿಯಿರುವವರಲ್ಲೂ ಹೊರಗಿನ ಹಾರ್ಮೋನ್ ಬಂದ ಕೂಡಲೇ ಅದು ಸುಮ್ಮನಾಗಿಬಿಡುತ್ತದೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಮಗು ಬೇಕು ಅನ್ನುವವರು ಇದನ್ನು ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ಹೇಳಿ. ನಾವು ಟೆಸ್ಟೋಸ್ಟಿರಾನ್ ನಿಲ್ಲಿಸಿ, ವೃಷಣಗಳನ್ನು ಎಬ್ಬಿಸುವ ಹಾರ್ಮೋನ್‌ಗಳಾದ ಎಚ್‌ಸಿಜಿ ಮತ್ತು ಎಫ್‌ಎಸ್‌ಎಚ್ ಚುಚ್ಚುಮದ್ದಿಗೆ ಹೋದೆವು. 14 ತಿಂಗಳು ಕಾದೆವು. ಹೆಂಡತಿ ಗರ್ಭಿಣಿಯಾದ ಮೇಲೆಯೇ ಜೆಲ್ ಶುರುವಾಗಿದ್ದು.

ನನ್ನ ದೂರು ಇರುವುದು ಆ ಮಗುವಿನ ವಿಷಯದಲ್ಲೇ.

ಜೆಲ್ ಬರೆದುಕೊಟ್ಟ ಡಾಕ್ಟರು ಹೇಳಿದ್ದು ಒಂದೇ ಮಾತು, ಕೈ ತೊಳ್ಕೊಳ್ಳಿ. ಮನೆಯಲ್ಲಿ ಮಗು ಬರುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಮಗಳಿಗೆ 3 ವರ್ಷವಾದಾಗ ಒಂದು ದಿನ ಕೋಣೆಗೆ ಬಂದು ನೋಡುತ್ತೇನೆ, ನಾನು ಬಿಚ್ಚಿಟ್ಟ ಬನಿಯನ್ ಹಾಕಿಕೊಂಡು ಕನ್ನಡಿ ಮುಂದೆ ಕುಣಿಯುತ್ತಿದ್ದಾಳೆ. ಪಾದದವರೆಗೆ ಬಂದಿತ್ತು. ಹಿಂದಿನ ದಿನ ಪೊಟ್ಟಣದೊಳಗಿನ ಚೀಟಿಯನ್ನು ಮೊದಲ ಸಲ ಪೂರ್ತಿ ಓದಿದ್ದೆ. ಹಾಗಾಗಿ ಎದೆ ಧಸಕ್ ಎಂದಿತು. ಎತ್ತಿಕೊಂಡು ಹೋಗಿ ಸೋಪು ಹಾಕಿ ಎರಡು ಸಲ ತೊಳೆದೆ.

ಲೆಕ್ಕ ಸರಳ. ಹಚ್ಚುವ 50 ಮಿಲಿಗ್ರಾಂನಲ್ಲಿ ರಕ್ತಕ್ಕೆ ಹೋಗುವುದು ನೂರಕ್ಕೆ ಸುಮಾರು 10 ಭಾಗ, ಅಂದರೆ 5 ಮಿಲಿಗ್ರಾಂ. ಉಳಿದದ್ದರಲ್ಲಿ ಬಹುಪಾಲು ಚರ್ಮದ ಮೇಲೆ, ಬಟ್ಟೆಯಲ್ಲಿ, ಟವೆಲ್‌ನಲ್ಲಿ. ಅದು ಮಕ್ಕಳ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಕಾಲಕ್ಕೆ ಮುಂಚೆ ಗುಪ್ತಾಂಗದಲ್ಲಿ ಕೂದಲು ಬರುತ್ತದೆ, ಮೂಳೆ ವಯಸ್ಸಿಗಿಂತ ಮುಂದೆ ಓಡುತ್ತದೆ. ಇಂಥ ಮಕ್ಕಳ ವರದಿ ಬಂದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಔಷಧದ ಮಾಹಿತಿ ಚೀಟಿಯಲ್ಲಿ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಬಾಯಲ್ಲಿ ಹೇಳಲು ಒಂದು ನಿಮಿಷ ಸಾಕಿತ್ತಲ್ವಾ? ಮಕ್ಕಳ ಡಾಕ್ಟರು ಮಗಳನ್ನು ಪರೀಕ್ಷೆ ಮಾಡಿ ಏನೂ ಆಗಿಲ್ಲ ಎಂದರು. ಆ ಉತ್ತರ ಬರುವವರೆಗಿನ 4 ದಿನ ನಾನು ಸರಿಯಾಗಿ ಮಲಗಲಿಲ್ಲ.

ಅಲ್ಲಿಂದ ಮನೆಯಲ್ಲಿ ನಿಯಮಗಳು ಬಂದವು. ನನ್ನ ಬನಿಯನ್ ಬೇರೆ ಮುಚ್ಚಳದ ಬುಟ್ಟಿಗೆ. ನನ್ನ ಟವೆಲ್ ಎತ್ತರದ ಮೊಳೆಗೆ. ರಜೆ ದಿನ ಬರಿಮೈಯಲ್ಲಿ ಕೂರುವ ಹಾಗಿಲ್ಲ. ಹೆಂಡತಿಗೂ ತಾಗಬಾರದು. ಬಟ್ಟೆ ಮುಚ್ಚಿದ್ದರೆ ಎತ್ತಿಕೊಳ್ಳಬಹುದು ಎಂದು ಚೀಟಿಯಲ್ಲಿದೆ. ಆದರೂ ಮಗಳು ಓಡಿ ಬಂದಾಗ ನನ್ನ ಕೈ ತಾನಾಗಿ ಅಡ್ಡ ಬರುತ್ತಿತ್ತು. ಒಂದು ದಿನ ಅಜ್ಜಿಯ ಹತ್ತಿರ ಹೇಳುತ್ತಿದ್ದಳು, ‘ಅಪ್ಪ ಬೆಳಿಗ್ಗೆ ಮುಟ್ಟಬೇಡ ಅಂತಾನೆ.’ ಯಾವ ಅಡ್ಡ ಪರಿಣಾಮವೂ ನನಗೆ ಇಷ್ಟು ನೋವು ಕೊಟ್ಟಿಲ್ಲ.

ಆ ರಾತ್ರಿಯೇ ಇಂಜೆಕ್ಷನ್‌ಗೆ ವಾಪಸ್ ಹೋಗೋಣ ಎಂದುಕೊಂಡೆ. 10ರಿಂದ 14 ವಾರಕ್ಕೊಮ್ಮೆ ಕೊಡುವ ಅಂಡೆಕಾನೋಯೇಟ್ ಇದೆ, ಏರಿಳಿತ ಕಡಿಮೆ. ಸಣ್ಣ ಮಕ್ಕಳಿರುವವರು ಮೊದಲು ಅದನ್ನೇ ಕೇಳಿ ನೋಡಿ. ನನ್ನನ್ನು ತಡೆದದ್ದು ರಕ್ತದ ರಿಪೋರ್ಟು. ಹಳೆಯ ಇಂಜೆಕ್ಷನ್‌ನಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ನೂರಕ್ಕೆ ಎಷ್ಟು ಭಾಗ ಕೆಂಪು ಕಣ ಎಂಬ ಲೆಕ್ಕ) 52ಕ್ಕೆ ಹೋಗಿತ್ತು. 54 ದಾಟಿದರೆ ರಕ್ತ ಗಟ್ಟಿಯಾಯಿತೆಂದು ಔಷಧ ನಿಲ್ಲಿಸುತ್ತಾರೆ. ಜೆಲ್‌ನಲ್ಲಿ ನನ್ನದು 47ರಲ್ಲಿ ನಿಂತಿದೆ. ಹೃದಯದ ಭಯವೂ ಇತ್ತು. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ 5,000ಕ್ಕೂ ಜಾಸ್ತಿ ಗಂಡಸರಿದ್ದರು, ಬಳಸಿದ್ದು ಜೆಲ್ಲೇ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಎದೆಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಕಂಡಿತು. ಹಾಗಾಗಿ ಪರೀಕ್ಷೆ ತಪ್ಪಿಸುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ಜೆಲ್ ನನಗೆ ಹಳೆಯ ಇಂಜೆಕ್ಷನ್‌ಗಿಂತ ತುಂಬಾ ಭಾರ. ಬೇರೆ ಖರ್ಚು ಕಡಿಮೆ ಮಾಡಿ ಇದನ್ನು ಇಟ್ಟುಕೊಂಡಿದ್ದೇನೆ.

5ಕ್ಕೆ 4 ಕೊಡುತ್ತೇನೆ. ಸುಮ್ನೆ ಸುಸ್ತು ಅಂತ ಕೇಳುವವರಿಗೆ ಇದು ಬೇಡ. ಬೇರೆ ಬೇರೆ ದಿನ ಬೆಳಿಗ್ಗೆ ಎರಡು ಸಲ ರಕ್ತ ಕೊಟ್ಟು, ಎರಡರಲ್ಲೂ ಟೆಸ್ಟೋಸ್ಟಿರಾನ್ ಕಡಿಮೆ ಬಂದವರಿಗೆ ಮಾತ್ರ.

ನಾನೀಗ ಅರ್ಧ ಗಂಟೆ ಬೇಗ ಏಳುತ್ತೇನೆ. ಸ್ನಾನ ಮುಗಿಸಿ ಮಗಳನ್ನು ಎಬ್ಬಿಸುತ್ತೇನೆ. ಅವಳು ಹೆಗಲಿಗೆ ಕೆನ್ನೆ ಒತ್ತಿಕೊಂಡು ಇನ್ನೊಂದು ಹತ್ತು ನಿಮಿಷ ನಿದ್ದೆ ಮಾಡುತ್ತಾಳೆ. ಪೊಟ್ಟಣ ಹರಿಯುವುದು ಅದಾದ ಮೇಲೆ.