ಹತ್ತು ತಿಂಗಳು ಮಗನನ್ನು ಈ ಥೆರಪಿ ಸೆಂಟರ್‌ಗೆ ಕರೆದುಕೊಂಡು ಬಂದ ಮೇಲೆ ಬರೆಯುತ್ತಿದ್ದೇನೆ

ನನ್ನ ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಆಟಿಸಂ ಇದೆ ಅಂತ ಗೊತ್ತಾಗಿದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಿಂದ ಇರುವ ಸಂಸ್ಥೆ ಅದು, ಮೈಸೂರು ಕಡೆ ಮಗುವಿಗೆ ಮಾತು ತಡ ಆಯಿತು ಅಂದರೆ ಮೊದಲು ಓಡುವುದೇ ಅಲ್ಲಿಗೆ. ಮಾತಿನ ತರಬೇತಿ ಅಲ್ಲೇ ಆಯಿತು, ಮಾತೂ ಬಂತು. ಆದರೆ ಶಾಲೆಯಲ್ಲಿ ಒಂದು ದಿನ ಕಳೆಯೋಕೆ ಮಾತೊಂದೇ ಸಾಲದು ಅಂತ ಆಮೇಲೆ ಗೊತ್ತಾಯಿತು. ಊಟದ ಡಬ್ಬಿ ತೆಗೆಯೋಕೆ ಬರುತ್ತಿರಲಿಲ್ಲ, ತುಂಬಿದ ಡಬ್ಬಿ ಹಾಗೇ ಮನೆಗೆ ಬರುತ್ತಿತ್ತು. ಸಾಲಿನಲ್ಲಿ ನಿಲ್ಲಿಸಿದರೆ ಮುಂದಿನವರನ್ನು ತಳ್ಳುತ್ತಿದ್ದ. ಬಾತ್‌ರೂಮಿಗೆ ಹೋಗಬೇಕು ಅಂತ ಟೀಚರ್ ಹತ್ತಿರ ಹೇಳದೆ ಸಂಜೆವರೆಗೂ ತಡೆದುಕೊಂಡಿರುತ್ತಿದ್ದ. ಆಕ್ಯುಪೇಷನಲ್ ಥೆರಪಿ ಕೊಡಿಸಿ ಅಂದರು, ಅಂದರೆ ದಿನನಿತ್ಯದ ಕೆಲಸಗಳನ್ನು ಮಗು ತಾನೇ ಮಾಡಿಕೊಳ್ಳೋ ಹಾಗೆ ಕಲಿಸುವ ತರಬೇತಿ.

ಈ ಸೆಂಟರ್‌ಗೆ ಬರುವ ಮುಂಚೆ ಇನ್ನೊಂದು ಕಡೆ ಮೂರು ತಿಂಗಳು ಹೋಗಿದ್ದೆವು, ಹೆಸರು ಬೇಡ. ಅಲ್ಲಿ ಮಗನನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮುಕ್ಕಾಲು ಗಂಟೆ ಆದ ಮೇಲೆ ಕಳಿಸಿ "ಇವತ್ತು ಚೆನ್ನಾಗಿ ಮಾಡಿದ" ಅನ್ನುತ್ತಿದ್ದರು. ಏನು ಮಾಡಿದ, ಮನೆಯಲ್ಲಿ ನಾವೇನು ಮಾಡಬೇಕು, ಒಂದೂ ಹೇಳುತ್ತಿರಲಿಲ್ಲ.

ಇಲ್ಲಿ ಮೊದಲ ದಿನವೇ ನನ್ನನ್ನೂ ಒಳಗೆ ಕೂರಿಸಿದರು. ಥೆರಪಿ ಕೊಡುವ ಮೇಡಂ ಒಂದು ಹಾಳೆ ತೆಗೆದುಕೊಂಡು, ಬೆಳಿಗ್ಗೆ ಎದ್ದಾಗಿನಿಂದ ಸ್ಕೂಲ್ ವ್ಯಾನ್ ಹತ್ತುವವರೆಗೆ ಏನೇನು ನಡೆಯುತ್ತೆ ಒಂದೊಂದೇ ಹೇಳಿ ಅಂದರು. ಹಲ್ಲುಜ್ಜೋದು, ಸ್ನಾನ, ಯೂನಿಫಾರ್ಮ್, ತಿಂಡಿ, ಶೂ. ಪ್ರತಿಯೊಂದಕ್ಕೂ "ಇದನ್ನ ಯಾರು ಮಾಡ್ತೀರಿ?" ಅಂತ ಕೇಳಿದರು. ಎಲ್ಲದಕ್ಕೂ ನಾನು ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಕಣ್ಣಲ್ಲಿ ನೀರು ಬಂತು. ಅವರು ನನ್ನನ್ನು ಬೈಯಲಿಲ್ಲ. ಮೂರೇ ಮೂರು ವಿಷಯ ಆರಿಸಿಕೊಳ್ಳೋಣ ಅಂದರು: ಶರ್ಟಿನ ಗುಂಡಿ, ಊಟದ ಡಬ್ಬಿ, ಬಾತ್‌ರೂಮಿಗೆ ಕೇಳೋದು.

ಗುಂಡಿ ಹಾಕೋದನ್ನು ಕಲಿಸಿದ ರೀತಿ ಎಲ್ಲರಿಗೂ ಗೊತ್ತಾಗಬೇಕು, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಾವು ಮೊದಲಿಂದ ಶುರು ಮಾಡಿಸುತ್ತೇವೆ, ಮಗು ಅರ್ಧಕ್ಕೆ ಸೋಲುತ್ತೆ, ಕೊನೆಗೆ ನಾವೇ ಹಾಕಿಬಿಡುತ್ತೇವೆ, ಅಲ್ವಾ? ಇವರು ಉಲ್ಟಾ ಮಾಡುತ್ತಾರೆ. ಗುಂಡಿಯನ್ನು ಕಾಜದಲ್ಲಿ ಅರ್ಧ ತೂರಿಸಿ, ಆಚೆ ಕಡೆಯಿಂದ ಎಳೆಯುವುದನ್ನು ಮಾತ್ರ ಮಗುವಿಗೆ ಬಿಡುತ್ತಾರೆ. ಹಾಗಾಗಿ ಪ್ರತಿ ಸಲವೂ ಮುಗಿಸಿದ್ದು ಅವನೇ. ಅದು ಪಳಗಿದ ಮೇಲೆ ಗುಂಡಿಯ ಅಂಚನ್ನಷ್ಟೇ ತೂರಿಸಿ ಕೊಡುತ್ತಾರೆ. ಆಮೇಲೆ ಬರೀ ಕಾಜ ಹಿಡಿದುಕೊಂಡಿರುತ್ತಾರೆ. ಆರನೇ ವಾರ ಒಂದು ಬೆಳಿಗ್ಗೆ ನನ್ನ ಮಗ ಕುತ್ತಿಗೆ ಹತ್ತಿರದ್ದು ಒಂದು ಬಿಟ್ಟು ಉಳಿದ ಗುಂಡಿಗಳನ್ನೆಲ್ಲ ತಾನೇ ಹಾಕಿಕೊಂಡ. ನಾಲಿಗೆ ಹೊರಗೆ ಚಾಚಿಕೊಂಡು, ಗಲ್ಲ ಎದೆಗೆ ತಾಗಿಸಿ ಬಗ್ಗಿ ನೋಡುತ್ತಾ, ಹನ್ನೊಂದು ನಿಮಿಷ. ಕೆಳಗೆ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಮೇಡಂ ಹೇಳಿಕೊಟ್ಟ ಹಾಗೆ ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಶನಿವಾರ ನಾಲ್ಕು ಮಕ್ಕಳ ಗುಂಪು ಇರುತ್ತೆ. ನನಗೆ ತುಂಬಾ ಇಷ್ಟವಾಗಿದ್ದು ಅದು. ಅಲ್ಲಿ ದುಬಾರಿ ಆಟಿಕೆ ಏನಿಲ್ಲ, ಚೌಕಾಬಾರ ಆಡಿಸುತ್ತಾರೆ. ಕವಡೆಯ ಬಟ್ಟಲು ಯಾರ ಕೈಯಲ್ಲಿದೆಯೋ ಅವರದು ಸರದಿ, ಉಳಿದವರ ಕೈ ಮಂಡಿ ಮೇಲೆ. ಕಾಯುವುದು ಅಂದರೆ ಏನು ಅಂತ ಬಾಯಲ್ಲಿ ಎಷ್ಟು ಹೇಳಿದರೂ ಅವನಿಗೆ ಅರ್ಥವಾಗಿರಲಿಲ್ಲ, ಬಟ್ಟಲು ಕಣ್ಣಿಗೆ ಕಂಡಿತು ನೋಡಿ, ಅರ್ಥವಾಯಿತು. ಮೊದಲ ತಿಂಗಳು ಐದು ನಿಮಿಷ ಕೂತರೆ ಜಾಸ್ತಿ. ಕಾಯಿ ಹೊಡೆದರೆ ಮಣೆಯನ್ನೇ ಎತ್ತಿ ಎಸೆಯುತ್ತಿದ್ದ. ಆಟಕ್ಕೆ ಮುಂಚೆ ಪ್ರತಿ ಸಲ "ಕಾಯಿ ಹೋದರೆ ಏನು ಮಾಡ್ತೀಯಾ?" ಅಂತ ಕೇಳಿ, ಉಸಿರು ಬಿಟ್ಟು "ಮತ್ತೆ ಮನೆಯಿಂದ" ಅನ್ನೋದನ್ನು ಅಭ್ಯಾಸ ಮಾಡಿಸಿದರು. ಹೋದ ತಿಂಗಳು ಅವನ ಕಾಯಿ ಹೋಯಿತು. ತುಟಿ ನಡುಗಿತು. "ಮತ್ತೆ ಮನೆಯಿಂದ" ಅಂದು ಬಟ್ಟಲನ್ನು ಪಕ್ಕದ ಹುಡುಗಿಗೆ ಕೊಟ್ಟು "ಈಗ ನಿಂದು" ಅಂದ.

ಶಾಲೆಗೂ ಸಹಾಯ ಮಾಡುತ್ತಾರೆ. ಕನ್ನಡದಲ್ಲೇ ಒಂದು ಪುಟದ ಪತ್ರ ಬರೆದುಕೊಟ್ಟರು: ಕಿಟಕಿಯಿಂದ ದೂರ ಕೂರಿಸಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ, ಬಾತ್‌ರೂಮಿನ ಚಿತ್ರದ ಕಾರ್ಡು ತೋರಿಸಿದರೆ ಕಳಿಸಿ. ಟೀಚರ್ ಒಪ್ಪಿಕೊಂಡರು. ಬರೆಯೋಕೆ ಹೊಸ ಉದ್ದ ಪೆನ್ಸಿಲ್ ಬೇಡ, ಸವೆದ ಮೋಟು ಪೆನ್ಸಿಲ್ ಕೊಡಿ ಅಂದರು. ಮೋಟು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯೋಕೆ ಆಗಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಈಗ ಮೂಲೆ ಅಂಗಡಿಯಿಂದ ಅರ್ಧ ಲೀಟರ್ ನಂದಿನಿ ಹಾಲು ತರುವುದನ್ನು ಕಲಿಯುತ್ತಿದ್ದಾನೆ, ಮೊದಲ ನಾಲ್ಕು ಸಲ ಮೇಡಂ ಜೊತೆಗೇ ಹೋಗಿದ್ದರು.

ತೊಂದರೆಗಳೂ ಇವೆ. ಸೆಂಟರ್ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ನಡೆಯಲಾಗದ ಮಕ್ಕಳನ್ನು ಅಪ್ಪಂದಿರು ಎತ್ತಿಕೊಂಡು ಹತ್ತುತ್ತಾರೆ, ನೋಡೋಕೆ ಕಷ್ಟ ಆಗುತ್ತೆ. ಕಾಯುವ ಜಾಗ ಇಕ್ಕಟ್ಟು, ಗಲಾಟೆ ಜಾಸ್ತಿ, ಸದ್ದಿಗೆ ಹೆದರುವ ಮಕ್ಕಳು ಒಳಗೆ ಹೋಗುವ ಮುಂಚೆಯೇ ಸುಸ್ತಾಗಿರುತ್ತಾರೆ. ಮಧ್ಯದಲ್ಲಿ ಒಬ್ಬ ಥೆರಪಿಸ್ಟ್ ಕೆಲಸ ಬಿಟ್ಟರು, ನಮಗೆ ಮುಂಚೆ ತಿಳಿಸಲೇ ಇಲ್ಲ, ಮಗ ಮೂರು ವಾರ ಹೊಸಬರ ಹತ್ತಿರ ಹೋಗಲಿಲ್ಲ. ಇದನ್ನು ಖಂಡಿತ ಸರಿ ಮಾಡಿಕೊಳ್ಳಬೇಕು.

ಫೀಸು ಮುಕ್ಕಾಲು ಗಂಟೆಗೆ 600 ರೂಪಾಯಿ, ವಾರಕ್ಕೆ ಎರಡು ಸಲ. ನಮ್ಮಂಥವರಿಗೆ ಭಾರವೇ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿ, ಸರ್ಕಾರದ ನಿರಾಮಯ ಆರೋಗ್ಯ ವಿಮೆಗೆ ಹಾಕಿ ಅಂತ ಹೇಳಿಕೊಟ್ಟವರು ಇಲ್ಲಿನ ರಿಸೆಪ್ಷನ್ ಹುಡುಗಿ. ನಿರಾಮಯ ಒಟ್ಟು 1 ಲಕ್ಷ ರೂಪಾಯಿವರೆಗಿನ ವಿಮೆ, ಥೆರಪಿ ಖರ್ಚಿಗೂ ಒಂದು ಮಿತಿವರೆಗೆ ಹಣ ವಾಪಸ್ ಸಿಗುತ್ತೆ. ಇಲ್ಲಿ ಪ್ರತಿ ಸಲ ಸರಿಯಾದ ಬಿಲ್ ಕೊಡುತ್ತಾರೆ, ಕಳೆಯದೆ ಇಟ್ಟುಕೊಳ್ಳಿ. ಅಷ್ಟು ಫೀಸು ಕಟ್ಟೋಕೆ ಆಗಲ್ಲ ಅನ್ನುವವರು ಮೊದಲು ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಸರ್ಕಾರಿ ಕೇಂದ್ರ) ಎಲ್ಲಿದೆ ಅಂತ ವಿಚಾರಿಸಿ, ಅಲ್ಲಿ ಉಚಿತ.

ಶನಿವಾರದ ಗುಂಪಿಗೆ ಬೇಗ ಹೆಸರು ಬರೆಸಿ, ನಾಲ್ಕೇ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಮೊದಲ ದಿನ ಬರುವಾಗ ದೊಡ್ಡ ಗುಂಡಿಗಳಿರುವ ಒಂದು ಹಳೇ ಶರ್ಟು, ಮಗು ದಿನಾ ಶಾಲೆಗೆ ಒಯ್ಯುವ ಊಟದ ಡಬ್ಬಿ, ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ.