ಫೋನಿನೊಳಗಿನ ಎಐ, ಕ್ಲೌಡ್ ಎಐ: ಕಾಕಾನ ಉತಾರ ಓದಿಸಿದಾಗ

ನಮ್ಮ ಕಾಕಾಗೆ ಚಂದಗಡ ತಾಲ್ಲೂಕಿನಲ್ಲಿ ಸ್ವಲ್ಪ ಹೊಲ ಇದೆ. ಬೆಳಗಾವಿಯಿಂದ ದೂರವೇನಲ್ಲ, ಆದರೆ ಅದು ಮಹಾರಾಷ್ಟ್ರ. ಕಾಗದವೆಲ್ಲ ಮರಾಠಿ. ಕಾಕಾ ಮರಾಠಿ ಚೆನ್ನಾಗಿ ಮಾತಾಡುತ್ತಾರೆ, ಓದೋದು ಮಾತ್ರ ಕಷ್ಟ. "ಇದರಾಗ ಏನ್ ಬರದಾರ ನೋಡಪಾ" ಅಂತ ಸಾತ್-ಬಾರಾ ಉತಾರ, ಅಂದರೆ ನಮ್ಮ ಪಹಣಿಯಂಥ ಹೊಲದ ದಾಖಲೆ, ಕೈಗಿಟ್ಟರು. ಎರಡೂ ಬಗೆಯ ಎಐ ಪರೀಕ್ಷೆ ಮಾಡಲು ನನಗೂ ಒಂದು ನೆಪ ಸಿಕ್ಕಿತು.

ಕ್ಲೌಡ್ ಎಐಗೆ ನಾವು ಹಾಕಿದ ಫೋಟೊ, ಕೇಳಿದ ಪ್ರಶ್ನೆ ಎಲ್ಲ ಕಂಪನಿಯ ಸರ್ವರ್‌ಗೆ ಹೋಗುತ್ತವೆ. ಇನ್ನೊಂದು, ಫೋನಿಗೇ ಇಳಿಸಿಕೊಂಡ ಪುಟ್ಟ ಮಾಡೆಲ್. ನಾನು ಹಾಕಿಕೊಂಡಿದ್ದು 400 ಕೋಟಿ ಪ್ಯಾರಾಮೀಟರ್‌ನದು; ಪ್ಯಾರಾಮೀಟರ್ ಅಂದರೆ ಮಾಡೆಲ್ ಕಲಿತದ್ದನ್ನು ಹಿಡಿದಿಡುವ ಸಂಖ್ಯೆ. ಒಂದೊಂದಕ್ಕೂ 4 ಬಿಟ್, ಅಂದರೆ ಅರ್ಧ ಬೈಟ್ ಹಿಡಿದರೆ ಸುಮಾರು 2 ಜಿಬಿ ಆಗುತ್ತದೆ. ನನ್ನ ಫೋನಿನ ರ‍್ಯಾಮ್ 8 ಜಿಬಿ, ಹಾಗಾಗಿ ನಡೆಯಿತು.

ನೆಟ್‌ವರ್ಕ್ ವಿಷಯದಲ್ಲಿ ಪುಟ್ಟದ್ದೇ ಗೆದ್ದಿತು. ಮಲಪ್ರಭೆ ಹುಟ್ಟುವ ಕಣಕುಂಬಿಗೆ ಹೋಗಿದ್ದಾಗ, ಜಾಂಬೋಟಿ ದಾಟಿದ ಮೇಲೆ ನನ್ನ ಸಿಮ್‌ಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕ್ಲೌಡ್ ಸುಮ್ನೆ ತಿರುಗುತ್ತಾ ಕೂತಿತು. ಪುಟ್ಟ ಮಾಡೆಲ್ ಏರ್‌ಪ್ಲೇನ್ ಮೋಡ್‌ನಲ್ಲೂ ಉತ್ತರ ಕೊಟ್ಟಿತು. ಫೋನು ಮಾತ್ರ ಬಿಸಿ ಬಿಸಿ ರೊಟ್ಟಿ ಆಗಿತ್ತು.

ಕನ್ನಡಕ್ಕೆ ಬಂದರೆ ಪುಟ್ಟದ್ದು ಒದ್ದಾಡುತ್ತದೆ. ಕಾರಣ ಇದೆ. ಇಂಥ ಮಾಡೆಲ್‌ಗಳು ಪದವನ್ನು ಟೋಕನ್ ಅನ್ನುವ ತುಂಡುಗಳಾಗಿ ಒಡೆದು ಓದುತ್ತವೆ. ಕನ್ನಡದ ಪದ ಇಂಗ್ಲಿಷ್ ಪದಕ್ಕಿಂತ ಸಾಮಾನ್ಯವಾಗಿ ಜಾಸ್ತಿ ತುಂಡಾಗುತ್ತದೆ. ಮೇಲಾಗಿ ಅವು ಓದಿ ಕಲಿತ ಕನ್ನಡವೂ ಕಡಿಮೆ. ಹಾಗಾಗಿ ಉತ್ತರ ನಿಧಾನ, ವಾಕ್ಯ ಸೊಟ್ಟ. "ಏನ್ ಮಾಡಾಕತ್ತೀರಿ" ಅಂತ ಬರೆದು ಅರ್ಥ ಕೇಳಿದರೆ ಪುಟ್ಟದ್ದು ಏನೋ ಬೇರೆಯೇ ಹೇಳಿತು. ಕ್ಲೌಡ್‌ಗೆ ಅದು ನಮ್ಮ ಕಡೆಯ ಮಾತು ಅನ್ನೋದೂ ಗೊತ್ತಿತ್ತು.

ಈಗ ಉತಾರ. ಮಾಲೀಕರ ಹೆಸರು, ಸಾಲದ ಬೋಜಾ ಎಲ್ಲ ಇರುವ ಕಾಗದ ಹೊರಗೆ ಕಳಿಸೋದು ಯಾಕೆ ಅಂತ ಮೊದಲು ಫೋನಿನೊಳಗಿನದಕ್ಕೇ ಕೊಟ್ಟೆ. ಹೆಸರು, ಗಟ್ ನಂಬರ್ (ನಮ್ಮ ಸರ್ವೆ ನಂಬರ್ ಇದ್ದಂಗೆ) ಸರಿಯಾಗಿ ಓದಿತು. ಕ್ಷೇತ್ರ 0.60.00 ಅಂತ ಇತ್ತು. ಅದನ್ನು "0.60 ಎಕರೆ" ಅಂತ ಬರೆದುಬಿಟ್ಟಿತು! ಅಲ್ಲಿ ಮೊದಲಿನದು ಹೆಕ್ಟೇರ್, ಆಮೇಲೆ ಆರ್ (ಹೆಕ್ಟೇರಿನ ನೂರರಲ್ಲೊಂದು ಪಾಲು), ಕೊನೆಗೆ ಚದರ ಮೀಟರ್. 60 ಆರ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 1 ಎಕರೆ 19 ಗುಂಟೆ. ಅರ್ಧಕ್ಕಿಂತ ಜಾಸ್ತಿ ಹೊಲ ಒಂದೇ ಸಾಲಿನಲ್ಲಿ ಮಾಯ. ಕಾಕಾನ ಮುಖ ನೋಡಬೇಕಿತ್ತು.

ನನಗೆ ಕಿರಿಕಿರಿ ಆಗೋದು ಇಲ್ಲೇ. ಯಾವ ಕಾಗದ ಹೊರಗೆ ಹೋಗಬಾರದೋ, ಅದರಲ್ಲೇ ಪುಟ್ಟ ಮಾಡೆಲ್ ಎಡವುತ್ತದೆ. ತಪ್ಪನ್ನೂ ಎಷ್ಟು ಧೈರ್ಯವಾಗಿ ಹೇಳುತ್ತದೆ ಅಂದರೆ, ಗೊತ್ತಿಲ್ಲದವರು ನಂಬಿಬಿಡಬೇಕು.

ಕೊನೆಗೆ ಫೋಟೊದಲ್ಲಿ ಹೆಸರು, ಗಟ್ ನಂಬರ್, ಬೋಜಾ ಎಲ್ಲ ಕತ್ತರಿಸಿ, ಕ್ಷೇತ್ರದ ಸಾಲು ಮಾತ್ರ ಕ್ಲೌಡ್‌ಗೆ ಹಾಕಿದೆ. ಅದು ಎಕರೆ-ಗುಂಟೆ ಲೆಕ್ಕ ಸರಿಯಾಗಿ ಬಿಡಿಸಿತು. ಈಗ ಇದೇ ರೂಢಿ ಆಗಿದೆ: ಹೆಸರಿರುವ ಭಾಗ ಫೋನಿಗೆ, ಲೆಕ್ಕ ಮತ್ತು ಕನ್ನಡದ ಬರವಣಿಗೆ ಕ್ಲೌಡ್‌ಗೆ. ಕಾಕಾ ಮಾತ್ರ ಎರಡನ್ನೂ ನಂಬಲಿಲ್ಲ. ಮರುದಿನ ಬೆಳಿಗ್ಗೆ ಬಸ್ ಹತ್ತಿ ಚಂದಗಡಕ್ಕೆ ಹೋಗಿ, ಅಲ್ಲಿನ ಗ್ರಾಮ ಲೆಕ್ಕಿಗ ತಲಾಠಿಯನ್ನೇ ಕೇಳಿಕೊಂಡು ಬಂದರು.